ಎರಡನ್ನು ಒತ್ತಿದ ಸಂಜೆ

2012ರ ಬೇಸಿಗೆಯಿಂದ ಎರಡು ವರ್ಷಗಳ ಕಾಲ ಪ್ರತಿ ಬುಧವಾರ ಸಂಜೆ ಏಳೂವರೆಯ ಹೊತ್ತಿಗೆ ನನ್ನ ಮೊಬೈಲಿಗೆ ಒಂದು ಕರೆ ಬರುತ್ತಿತ್ತು. ಎತ್ತಿದರೆ, ಮೊದಲೇ ಮುದ್ರಿಸಿಟ್ಟ ಹೆಣ್ಣುದನಿಯೊಂದು ನಮಸ್ಕಾರ ಹೇಳಿ, ಹೇಗಿದ್ದೀರಿ ಎಂದು ವಿಚಾರಿಸಿ, ಈ ವಾರ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ತೆಗೆದುಕೊಂಡಿದ್ದರೆ ಒಂದನ್ನು, ಯಾವುದಾದರೂ ತಪ್ಪಿದ್ದರೆ ಎರಡನ್ನು ಒತ್ತಲು ಹೇಳುತ್ತಿತ್ತು. ತೆಗೆದುಕೊಳ್ಳುವುದು ಏನನ್ನು ಎಂಬುದನ್ನು ಆ ದನಿ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಗುಳಿಗೆ ಎಂಬ ಮಾತಾಗಲಿ, ಆಸ್ಪತ್ರೆಯ ಹೆಸರಾಗಲಿ, ಕಾಯಿಲೆಯ ಹೆಸರಾಗಲಿ ಅದರಲ್ಲಿ ಇರಲಿಲ್ಲ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು, ಎಚ್‌.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವವನು. ಆ ಕರೆ ನನಗೆ ಏನು ಮಾಡಿತು, ಏನು ಮಾಡಲಾರದೆ ಹೋಯಿತು ಎಂಬುದನ್ನು, ಈಗ ಇಂಥ ಕರೆ ಪಡೆಯುತ್ತಿರುವವರೂ ಮಾಡುತ್ತಿರುವವರೂ ತಿಳಿಯಲೆಂದು ಬರೆಯುತ್ತಿದ್ದೇನೆ.

ಸೋಂಕು ಪತ್ತೆಯಾದದ್ದು 2011ರ ಮಳೆಗಾಲದಲ್ಲಿ. ಎರಡು ತಿಂಗಳು ಬಿಡದ ಜ್ವರ, ಹತ್ತು ಕಿಲೋ ಇಳಿದ ತೂಕ, ಆಮೇಲೆ ರಕ್ತಪರೀಕ್ಷೆ. ರಕ್ತದಲ್ಲಿ ರೋಗಗಳನ್ನು ಎದುರಿಸುವ ಸಿ.ಡಿ.4 ಕಣಗಳ ಎಣಿಕೆ 182ಕ್ಕೆ ಇಳಿದಿತ್ತು. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಕೆಲವೇ ಆಸ್ಪತ್ರೆಗಳಲ್ಲಿ ಆರಂಭಿಸಿದ, ಎಚ್‌.ಐ.ವಿ. ವೈರಸ್ಸನ್ನು ಹತ್ತಿಕ್ಕುವ ಉಚಿತ ಎ.ಆರ್.ಟಿ. ಚಿಕಿತ್ಸೆ ಅಷ್ಟು ಹೊತ್ತಿಗೆ ಜಿಲ್ಲೆಗಳಿಗೂ ಬಂದಿತ್ತಾದ್ದರಿಂದ ನಾನು ಬೆಂಗಳೂರಿಗೆ ಅಲೆಯಬೇಕಾಗಲಿಲ್ಲ. ಹೆಂಡತಿಯ ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂತು. ಆ ದಿನ ನಾವಿಬ್ಬರೂ ಆಸ್ಪತ್ರೆಯ ಬೇವಿನ ಮರದ ಕಟ್ಟೆಯ ಮೇಲೆ ಮಾತಿಲ್ಲದೆ ಬಹಳ ಹೊತ್ತು ಕುಳಿತಿದ್ದೆವು. ಅದರಾಚೆಯ ಮಾತು ನಮ್ಮಿಬ್ಬರದು, ಇಲ್ಲಿ ಬರೆಯುವುದಿಲ್ಲ.

ಗುಳಿಗೆ ಶುರುಮಾಡುವ ಮುನ್ನ ಆಪ್ತ ಸಮಾಲೋಚಕಿ ನಮ್ಮಿಬ್ಬರನ್ನೂ ಮೂರು ಸಲ ಕೂರಿಸಿಕೊಂಡು ಮಾತಾಡಿದರು. ಜಿಡೊವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರೂ ಸೇರಿದ ಒಂದೇ ಗುಳಿಗೆಯನ್ನು ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ನುಂಗಬೇಕು. ತಿಂಗಳಿಗೆ ಅರವತ್ತು. ನೂರಕ್ಕೆ ತೊಂಬತ್ತೈದರಷ್ಟಾದರೂ ಹೊಟ್ಟೆಗೆ ಹೋಗಲೇಬೇಕೆಂದರೆ, ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಏಕೆ ಎಂದು ನಾನು ಕೇಳಿದೆ. ಅವರು ಮೇಜಿನ ಮೇಲಿದ್ದ ಮೂರು ಪೆನ್ನುಗಳನ್ನು ಸಾಲಾಗಿ ನಿಲ್ಲಿಸಿ, ಇವರು ಹೊಲ ಕಾಯುವ ಮೂವರು ಎಂದುಕೊಳ್ಳಿ ಎಂದರು. ಗುಳಿಗೆ ನಿಂತರೆ ಇಬ್ಬರು ಬೇಗ ಮನೆಗೆ ಹೋಗಿಬಿಡುತ್ತಾರೆ, ಮೂರನೆಯವನಾದ ನೆವಿರಪಿನ್ ಮಾತ್ರ ರಕ್ತದಲ್ಲಿ ಇನ್ನೂ ಕೆಲವು ದಿನ ಒಂಟಿಯಾಗಿ ಉಳಿಯುತ್ತಾನೆ; ಒಂಟಿ ಕಾವಲುಗಾರನ ಕಣ್ಣು ತಪ್ಪಿಸುವುದನ್ನು ವೈರಸ್ಸು ಬೇಗ ಕಲಿಯುತ್ತದೆ, ಒಮ್ಮೆ ಕಲಿತರೆ ಆ ಗುಳಿಗೆ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಎರಡು ಪೆನ್ನುಗಳನ್ನು ಅವರು ತೆಗೆದು ಡ್ರಾಯರಿನೊಳಗೆ ಹಾಕಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇಷ್ಟು ಚೆನ್ನಾಗಿ ತಿಳಿಸಿಕೊಟ್ಟ ಮೇಲೆ ಯಾರು ತಾನೆ ಮರೆಯುತ್ತಾರೆ? ನಾನು ಮರೆಯಲೂ ಇಲ್ಲ. ಆ ವರ್ಷಗಳಲ್ಲಿ ತಪ್ಪಿದ ಒಂದು ಗುಳಿಗೆಯೂ ಮರೆವಿನಿಂದ ತಪ್ಪಿದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಕೂಡು ಕುಟುಂಬ. ತಾಯಿ, ಅಣ್ಣ, ಅತ್ತಿಗೆ, ಅವರ ಮೂವರು ಮಕ್ಕಳು, ನಾವಿಬ್ಬರು, ನಮ್ಮ ಮಗಳು. ರಾತ್ರಿ ಎಂಟು ಎಂದರೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕೂರುವ ಹೊತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರವತ್ತು ಗುಳಿಗೆಗಳು ಅಲುಗಿದಾಗ ಬರುವ ಸದ್ದು ಎಷ್ಟು ದೊಡ್ಡದು ಎಂಬುದು, ಅದನ್ನು ಮುಚ್ಚಿಡಬೇಕಾದವನಿಗೆ ಮಾತ್ರ ಗೊತ್ತು. ತಂದ ದಿನವೇ ಡಬ್ಬಿಯ ಮೇಲಿನ ಚೀಟಿಯನ್ನು ನೀರು ಹಚ್ಚಿ ಕೆರೆದು ತೆಗೆಯುತ್ತಿದ್ದೆ. ಖಾಲಿಯಾಗುತ್ತ ಬಂದಂತೆ ಒಳಗೆ ಹತ್ತಿ ತುರುಕುತ್ತಿದ್ದೆ. ಮಕ್ಕಳು ಕೇಳಿದರೆ ಶಕ್ತಿಯ ಗುಳಿಗೆ ಎನ್ನುತ್ತಿದ್ದೆ. ಹೆಂಡತಿ ಅನ್ನ ಬಡಿಸುವ ನೆಪದಲ್ಲಿ ಒಳಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಳೆಂದರೆ ಅದು ಹೊತ್ತಾಯಿತೆಂಬ ಸೂಚನೆ.

ಫೋನಿನ ಏರ್ಪಾಟಿನ ಮಾತು ಬಂದದ್ದು ಆರೇಳು ತಿಂಗಳ ಮೇಲೆ. ಬೇಕಾದವರು ಮಾತ್ರ ಸೇರಬಹುದು, ಬೇಡವೆಂದರೆ ಚಿಕಿತ್ಸೆಗೆ ಏನೂ ಅಡ್ಡಿಯಿಲ್ಲ ಎಂದರು. ಒಪ್ಪಿಗೆಯ ಹಾಳೆಗೆ ಸಹಿ ಮಾಡುವ ಮುನ್ನ ಕೇಳಿದ ಪ್ರಶ್ನೆಗಳು ನನಗೆ ಹಿಡಿಸಿದವು: ಫೋನು ನಿಮ್ಮೊಬ್ಬರದೋ, ಮನೆಮಂದಿಯದೋ? ನೀವು ಇಲ್ಲದಾಗ ಯಾರು ಎತ್ತುತ್ತಾರೆ? ಯಾವ ಹೊತ್ತು ಬೇಡ? ಯಾವ ಭಾಷೆ? ಕನ್ನಡ ಎಂದೆ. ಆದರೆ ಬಂದ ದನಿಯ ಕನ್ನಡ ಬೆಂಗಳೂರಿನ ಕಡೆಯದು, ತಿದ್ದಿ ತೀಡಿದ್ದು. ಮೊದಲ ತಿಂಗಳುಗಳಲ್ಲಿ ನಾನು ಅದನ್ನು ಆಸೆಯಿಂದಲೇ ಕಾಯುತ್ತಿದ್ದೆ. ಈ ಕಾಯಿಲೆಯ ಬಗ್ಗೆ ಹೆಂಡತಿಯನ್ನು ಬಿಟ್ಟು ಊರಿನಲ್ಲಿ ಇನ್ನಾರೊಂದಿಗೂ ಮಾತಿಲ್ಲದವನಿಗೆ, ವಾರಕ್ಕೊಮ್ಮೆ ಎಲ್ಲಿಂದಲೋ ಬಂದು ಹೇಗಿದ್ದೀರಿ ಎನ್ನುವ ದನಿ ಸಣ್ಣ ಸಂಗತಿಯಲ್ಲ. ಒಂದನ್ನು ಒತ್ತಿದಾಗ ಅದು ಧನ್ಯವಾದ ಹೇಳುತ್ತಿತ್ತು, ಮಕ್ಕಳ ಪುಸ್ತಕಕ್ಕೆ ನಾನು ಹಾಕುವ ಸರಿ ಗುರುತಿನಂತೆ.

ಒಂದು ಬುಧವಾರ ನಾನು ಬಚ್ಚಲಲ್ಲಿದ್ದಾಗ ಕರೆ ಬಂತು. ತಾಯಿ ಎತ್ತಿದಳು. ನಾನು ಮೈ ಒರೆಸಿಕೊಂಡು ಓಡಿಬರುವಷ್ಟರಲ್ಲಿ ಅವಳ ಮಾತು ಶುರುವಾಗಿತ್ತು. “ಆರಾಮದೀನವಾ, ನೀ ಯಾರ? ನನ್ನ ಮಗಾ ಜಳಕಾ ಮಾಡಾಕ ಹೋಗ್ಯಾನ. ನಿಂದು ಊಟಾ ಆತೇನವಾ?” ಎನ್ನುತ್ತಿದ್ದಳು. ಆ ಕಡೆಯಿಂದ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಬಂದಿರಬೇಕು. “ಏನ ಒತ್ತಲೆವಾ, ನನಗ ಕಣ್ಣ ಕಾಣಂಗಿಲ್ಲ” ಎಂದಳು. ಕರೆ ಮುಗಿದ ಮೇಲೆ ಫೋನನ್ನು ನನ್ನ ಕೈಗೆ ಕೊಡುತ್ತ, “ಯಾರೋ ಹುಡಿಗಿ, ಭಾಳ ಸಮಾಧಾನದಿಂದ ಮಾತಾಡಿದಳು. ಆದ್ರ ನಾ ಕೇಳಿದ್ದಕ್ಕ ಒಂದಕ್ಕೂ ಉತ್ತರಾ ಕೊಡಲಿಲ್ಲ ನೋಡಪಾ” ಎಂದಳು. ನನಗೆ ಆ ಹೊತ್ತಿಗೆ ಗುಟ್ಟು ಉಳಿಯಿತೆಂಬ ಸಮಾಧಾನವಷ್ಟೇ. ಅವಳ ಮಾತಿನ ತೂಕ ತಿಳಿಯಲು ಇನ್ನೂ ಕೆಲವು ತಿಂಗಳು ಬೇಕಾದವು.

2013ರ ಮೇ 5ರಂದು ವಿಧಾನಸಭೆಯ ಚುನಾವಣೆ. ನನ್ನನ್ನು ಮತಗಟ್ಟೆ ಅಧಿಕಾರಿಯಾಗಿ ಹಾಕಿದ್ದರು. ಹಿಂದಿನ ದಿನವೇ ಮತಯಂತ್ರಗಳನ್ನು ಪಡೆದು ಬಸ್ಸಿನಲ್ಲಿ ಹೋಗಿ, ಒಂದು ಹಳ್ಳಿಯ ಶಾಲೆಯ ಕೋಣೆಯಲ್ಲಿ ಐದು ಜನ ಒಟ್ಟಿಗೆ ಉಳಿದೆವು. ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ರಾತ್ರಿ ಎಂಟಕ್ಕೆ ಐವರೂ ಒಂದೇ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಪಟ್ಟಿ ಬರೆಯುತ್ತಿದ್ದೆವು. ಅವರಲ್ಲಿ ಒಬ್ಬರು ಆರೋಗ್ಯ ಇಲಾಖೆಯ ನೌಕರರು. ಗುಳಿಗೆ ಕಂಡರೆ ಗುರುತು ಹಿಡಿಯಬಲ್ಲವರು ಎಂಬ ಭಯ ನನಗೆ. ಜೇಬಿಗೆ ಹೋದ ಕೈ ಹಾಗೆಯೇ ಹಿಂದೆ ಬಂತು. ಬೆಳಿಗ್ಗೆ ಎಂಟಕ್ಕೆ ಮತದಾನ ನಡೆದಿತ್ತು, ಹೊರಗೆ ಸಾಲು ನಿಂತಿತ್ತು. ಅಂದು ರಾತ್ರಿ ಯಂತ್ರಗಳನ್ನು ಹಿಂತಿರುಗಿಸಿ ಮನೆ ಮುಟ್ಟಿದಾಗ ನಡುರಾತ್ರಿ ಕಳೆದಿತ್ತು. ಬೆವರಿಗೆ ಕಾಗದ ನೆನೆದು ಗುಳಿಗೆಗಳು ಅದಕ್ಕೆ ಅಂಟಿಕೊಂಡಿದ್ದವು. ತಿಂಗಳಿಗೆ ತಪ್ಪಬಹುದಾದ ಮೂರೂ ಎರಡೇ ದಿನದಲ್ಲಿ ಮುಗಿದಿದ್ದವು.

ಮೇ 8, ಬುಧವಾರ, ಮತ ಎಣಿಕೆಯ ದಿನ. ಮನೆಯಲ್ಲಿ ಟಿ.ವಿ. ಮುಂದೆ ಎಲ್ಲರೂ ಸೇರಿದ್ದಾಗ ಕರೆ ಬಂತು. ಹಿತ್ತಲಿಗೆ ಹೋಗಿ ನಿಂತು, ದನಿ ಪೂರ್ತಿ ಕೇಳಿಸಿಕೊಂಡು, ಒಂದನ್ನು ಒತ್ತಿದೆ. ಧನ್ಯವಾದ ಎಂದಿತು. ಅದೇ ತಿಂಗಳು ಸಂಬಂಧಿಕರ ಮದುವೆಯಲ್ಲಿ ಇನ್ನೆರಡು ತಪ್ಪಿದವು. ಮತ್ತೆ ಒಂದನ್ನೇ ಒತ್ತಿದೆ. ಆಸ್ಪತ್ರೆಗೆ ಹೋದಾಗ ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸುತ್ತಾರೆಂದು ತಿಳಿದು, ಹಿಂದಿನ ದಿನ ಮಿಕ್ಕ ಐದನ್ನೂ ಬಚ್ಚಲೊಲೆಗೆ ಹಾಕಿದೆ. ಎಣಿಕೆ ಸರಿಹೋಯಿತು. ದಿನವೂ ಮಕ್ಕಳಿಗೆ ನಿಜ ಹೇಳಿರಿ ಎನ್ನುವ ಮಾಸ್ತರನಾದ ನಾನು, ಜೀವ ಉಳಿಸುವ ಗುಳಿಗೆಯನ್ನು ಒಲೆಗೆ ಹಾಕಿ ಸುಳ್ಳು ಲೆಕ್ಕ ಒಪ್ಪಿಸಿದ್ದೆ. ಯಾರಿಗೆ ಹೆದರಿ? ನನ್ನನ್ನು ಎಂದೂ ಬೈಯದ ಒಬ್ಬ ಹೆಣ್ಣುಮಗಳಿಗೆ ಮತ್ತು ಬೈಯಲು ಬಾರದ ಒಂದು ಯಂತ್ರಕ್ಕೆ.

ಜೂನ್ ಮೊದಲ ಬುಧವಾರ ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕುಳಿತಿದ್ದೆ. ಆ ವಾರ ಒಂದೂ ತಪ್ಪಿರಲಿಲ್ಲ. ಆದರೂ ದನಿ ಕೇಳಿದಾಗ ಎರಡನ್ನು ಒತ್ತಿದೆ. ಏಕೆ ಒತ್ತಿದೆನೆಂದು ಆಗ ನನಗೇ ತಿಳಿದಿರಲಿಲ್ಲ. ಹಿಂದಿನ ಐದರ ಭಾರ ಬೆರಳಿಗೆ ಬಂದಿತ್ತೆಂದು ಈಗ ಅನ್ನಿಸುತ್ತದೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಸಮಾಲೋಚಕಿಯೇ ಫೋನು ಮಾಡಿದರು. “ಸರ, ಎರಡ ಒತ್ತೀರಂತ ಇಲ್ಲಿ ಬಂದೈತ್ರಿ. ಈಗ ಮಾತಾಡಾಕ ಅನುಕೂಲ ಐತೇನ್ರಿ, ಆಮ್ಯಾಲೆ ಮಾಡ್ಲ್ಯಾ?” ಎಂದರು. ಆಟದ ಬಯಲಿನ ಆಚೆಯ ಬೇಲಿಯವರೆಗೆ ನಡೆದುಹೋಗಿ ಎಲ್ಲವನ್ನೂ ಹೇಳಿದೆ, ಬಚ್ಚಲೊಲೆಯದನ್ನೂ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರು ಏಕೆ ತಪ್ಪಿಸಿದಿರಿ ಎನ್ನಲಿಲ್ಲ. “ಐದೂ ಹೊತ್ತಿನ್ಯಾಗ ನೀವು ಎಲ್ಲಿದ್ರಿ, ಬಾಜೂಕ ಯಾರಿದ್ರು, ಒಂದೊಂದ ಹೇಳ್ರಿ” ಎಂದರು. ಹೇಳುತ್ತ ಹೋದಂತೆ ನನಗೇ ಕಂಡಿತು: ಐದರಲ್ಲಿ ನಾಲ್ಕು ಸಲ ನನ್ನ ಸುತ್ತ ಜನರಿದ್ದರು ಮತ್ತು ಗುಳಿಗೆ ನನ್ನ ಜೇಬಿನಲ್ಲೇ ಇತ್ತು.

ಅಂದು ಅವರು ಮಾಡಿಕೊಟ್ಟ ಬದಲಾವಣೆಗಳು ತೀರ ಸಣ್ಣವು. ಎಂಟರ ಹೊತ್ತನ್ನು ಏಳಕ್ಕೆ ತಂದರು. ಬೆಳಿಗ್ಗೆ ಏಳಕ್ಕೆ ಮನೆ ಇನ್ನೂ ನಿದ್ದೆಗಣ್ಣಿನಲ್ಲಿರುತ್ತದೆ, ಸಂಜೆ ಏಳಕ್ಕೆ ನಾನು ಗುಡಿಯ ಕಡೆ ಒಬ್ಬನೇ ತಿರುಗಾಡಲು ಹೋಗುತ್ತೇನೆ. ಪರಸ್ಥಳಕ್ಕೆ ಹೋಗುವಾಗ ಕಾಗದದ ಬದಲು ಅಡಿಕೆಯ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಎರಡು ದಿನದ್ದನ್ನು ಮಾತ್ರ ಇಟ್ಟುಕೊಳ್ಳಿ, ಅಡಿಕೆ ಡಬ್ಬಿ ಹಿಡಿದು ನೀರು ಕುಡಿಯಲು ಎದ್ದವನನ್ನು ನಮ್ಮ ಕಡೆ ಯಾರೂ ಏನೆಂದು ಕೇಳುವುದಿಲ್ಲ ಎಂದರು. ಹೊತ್ತು ಮೀರಿದರೆ ಬಿಟ್ಟುಬಿಡಬೇಡಿ, ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತೇ ಹತ್ತಿರ ಬಂದಿದ್ದರೆ ಮಾತ್ರ ಅದೊಂದನ್ನೇ ತೆಗೆದುಕೊಳ್ಳಿ, ಎರಡನ್ನು ಒಟ್ಟಿಗೆ ನುಂಗಬೇಡಿ ಎಂದರು. ಇದನ್ನು ಮೊದಲ ದಿನಗಳಲ್ಲೂ ಹೇಳಿದ್ದರು. ಆಗ ಕಿವಿಗೆ ಬಿದ್ದಿತ್ತು, ಈಗ ಮನಸ್ಸಿಗೆ ಇಳಿಯಿತು.

ಆಮೇಲೆ ಆ ಏರ್ಪಾಟು ನಡೆದಷ್ಟು ದಿನ ನಾನು ಆರೇಳು ಸಲ ಎರಡನ್ನು ಒತ್ತಿದ್ದೇನೆ. ಪ್ರತಿ ಸಲವೂ ಮನುಷ್ಯರ ಕರೆ ಬಂತು. ಸತ್ಯ ಹೇಳುವುದಾದರೆ, ಎರಡು ಸಲ ಗುಳಿಗೆ ತಪ್ಪದೆಯೂ ಒತ್ತಿದ್ದುಂಟು. ಒಮ್ಮೆ ಹಿಮೋಗ್ಲೋಬಿನ್ ಇಳಿದು ಜಿಡೊವುಡಿನ್‌ನಿಂದ ಹಾಗಾಗಿರಬಹುದೆಂಬ ದಿಗಿಲಿತ್ತು. ಇನ್ನೊಮ್ಮೆ ಬರೀ ಮಾತಾಡಬೇಕಿತ್ತು.

ಇಂಥ ಕರೆಗಳನ್ನು ಬೇರೆ ಕಡೆಯೂ ಪರೀಕ್ಷಿಸಿ ನೋಡಿದ್ದಾರೆಂದು ನನಗೆ ತಿಳಿದದ್ದು ತಡವಾಗಿ, ಜಿಲ್ಲಾ ಸಭೆಯೊಂದರಲ್ಲಿ ವೈದ್ಯರೊಬ್ಬರ ಮಾತಿನಿಂದ. ಕೀನ್ಯಾ ದೇಶದಲ್ಲಿ 538 ಜನರ ಮೇಲೆ ನಡೆದ, 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೊಮ್ಮೆ “ಮಂಬೋ?” ಎಂದು ಎಸ್‌ಎಂಎಸ್ ಕಳಿಸುತ್ತಿದ್ದರಂತೆ. ಅವರ ಸ್ವಾಹಿಲಿ ಭಾಷೆಯಲ್ಲಿ ಹೇಗಿದ್ದೀರಿ ಎಂದರ್ಥ. ಎರಡು ದಿನದೊಳಗೆ “ಸಾವಾ”, ಅಂದರೆ ಚೆನ್ನಾಗಿದ್ದೇನೆ ಎಂದೋ, “ಶಿಡಾ”, ಅಂದರೆ ತೊಂದರೆಯಿದೆ ಎಂದೋ ಉತ್ತರಿಸಬೇಕು. ಶಿಡಾ ಎಂದವರಿಗೂ, ಉತ್ತರಿಸದವರಿಗೂ ಆರೋಗ್ಯ ಕಾರ್ಯಕರ್ತರು ಫೋನು ಮಾಡುತ್ತಿದ್ದರು. ಸಂದೇಶ ಪಡೆದವರಲ್ಲಿ ಗುಳಿಗೆಯನ್ನು ಸರಿಯಾಗಿ ತೆಗೆದುಕೊಂಡವರು ನೂರಕ್ಕೆ 62, ಪಡೆಯದವರಲ್ಲಿ 50. ನಮ್ಮ ದಕ್ಷಿಣ ಭಾರತದಲ್ಲೇ ಮೂರು ಚಿಕಿತ್ಸಾಲಯಗಳ 631 ಜನರನ್ನು 96 ವಾರ ಗಮನಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂದ ಅಧ್ಯಯನದಲ್ಲಿ ವಾರಕ್ಕೊಮ್ಮೆ ಯಂತ್ರದ ಧ್ವನಿಕರೆಯೂ ಚಿತ್ರಸಂದೇಶವೂ ಹೋಗುತ್ತಿದ್ದವು. ಅಲ್ಲಿ ಕರೆ ಪಡೆದವರಿಗೂ ಪಡೆಯದವರಿಗೂ ಚಿಕಿತ್ಸೆಯ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ದೇಶ, ಎರಡು ಬಗೆಯ ಆಸ್ಪತ್ರೆಗಳು. ಕಾರಣಗಳು ಹಲವಿರುತ್ತವೆಂದು ಒಪ್ಪುತ್ತೇನೆ. ಆದರೂ ಅದನ್ನು ಕೇಳಿದ ರಾತ್ರಿ ನನಗೆ ನೆನಪಾದದ್ದು ನನ್ನ ತಾಯಿಯ ಮಾತು. ನೆನಪಿಸುವ ದನಿ ಮರೆವಿಗೆ ಮದ್ದು. ನಮ್ಮಂಥವರಿಗೆ ಇರುವುದು ಅಂಜಿಕೆ, ಮತ್ತು ಅಂಜಿಕೆ ತೀರಬೇಕಾದರೆ ಕೇಳಿದ್ದಕ್ಕೆ ಉತ್ತರ ಕೊಡುವವರು ಬೇಕು.

ಫೋನು ಗಾಯ ಮಾಡಿದ್ದೂ ಇದೆ. 2015ರಲ್ಲಿ ನಾನು ಗುಳಿಗೆ ಒಯ್ಯಲು ಎರಡು ದಿನ ತಡಮಾಡಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಯಾರೋ ನನ್ನ ಫೋನು ಸಿಗಲಿಲ್ಲವೆಂದು, ತುರ್ತಿಗೆಂದು ಕೊಟ್ಟಿದ್ದ ಅಣ್ಣನ ನಂಬರಿಗೆ ಮಾಡಿ, ಎ.ಆರ್.ಟಿ. ಸೆಂಟರಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ತಮ್ಮ ಬಂದಿಲ್ಲ ಎಂದುಬಿಟ್ಟರು. ಅಣ್ಣ ಆ ಮೂರು ಅಕ್ಷರಗಳ ಅರ್ಥವನ್ನು ಯಾರನ್ನು ಕೇಳಿದನೋ ತಿಳಿಯದು. ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಅತ್ತಿಗೆ ನನ್ನ ತಾಟನ್ನು ಬೇರೆ ಇಡತೊಡಗಿದಳು. ಎಂಟನೆಯ ದಿನ ಅವನೇ ಬಂದು ನನ್ನ ತಾಟಿನಲ್ಲಿ ಕೈಯಿಟ್ಟು ರೊಟ್ಟಿ ಮುರಿದು ತಿಂದ. ಹಾಗೆ ಮಾಡುವ ಅಣ್ಣಂದಿರು ಎಲ್ಲರಿಗೂ ಇರುವುದಿಲ್ಲ. 2017ರ ಎಚ್‌.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದು, ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯವನ್ನು ಇನ್ನೊಬ್ಬರಿಗೆ ತಿಳಿಸುವುದನ್ನು ನಿಷೇಧಿಸಿತು. ಫೋನೆತ್ತಿದವರು ಯಾರೆಂದು ಖಚಿತವಾಗುವ ಮುನ್ನ ಒಂದಕ್ಷರವನ್ನೂ ಆಡಬಾರದು ಎಂಬ ಎಚ್ಚರ ನನಗೆ ಕಾಯಿದೆಗಿಂತ ಮುಂಚೆ ಆ ತಾಟಿನಿಂದ ಬಂತು.

ಯಂತ್ರದ ಕರೆ 2014ರಲ್ಲೇ ನಿಂತಿತ್ತು. 2018ರಲ್ಲಿ ಮೊದಲ ಸಲ, ರಕ್ತದಲ್ಲಿ ವೈರಸ್ಸು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಾಯಿತು. ವೈರಸ್ಸು ಪತ್ತೆಯಾಗದಷ್ಟು ಕೆಳಗಿತ್ತು. 2021ರಲ್ಲಿ ಡೊಲುಟೆಗ್ರಾವಿರ್ ಇರುವ ಹೊಸ ಗುಳಿಗೆಗೆ ಬದಲಾಯಿಸಿದರು, ದಿನಕ್ಕೆ ಒಂದೇ. ಆದರೆ ಅದಕ್ಕೂ ಮುಂಚೆ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬಸ್ಸುಗಳು ನಿಂತವು. ತಿಂಗಳಿಗೊಮ್ಮೆ ಕೊಡುತ್ತಿದ್ದ ಗುಳಿಗೆಯನ್ನು ಮೂರು ತಿಂಗಳಿಗೆ ಕೊಡತೊಡಗಿದರು. ಬರಲಾಗದವರಿಗೆ ಕ್ಷೇತ್ರ ಕಾರ್ಯಕರ್ತರು ಬೈಕಿನಲ್ಲಿ ಒಯ್ದು ಮುಟ್ಟಿಸಿದರು. ಸಮಾಲೋಚನೆ ಎಂಬುದು ಫೋನಿನಲ್ಲಿ ಮಾತ್ರ ಉಳಿಯಿತು. ಆಗ ನಮ್ಮ ಜಿಲ್ಲೆಯ ಸೋಂಕಿತರ ಸಂಘದವರು, ಶಾಲೆ ಮುಚ್ಚಿದೆಯಲ್ಲ, ನೀವೂ ಒಂದಿಷ್ಟು ಜನರಿಗೆ ಮಾತಾಡುತ್ತೀರಾ ಎಂದು ಕೇಳಿದರು. ಇನ್ನೊಬ್ಬ ಸೋಂಕಿತರ ಕರೆ ಬರಲಿ ಎಂದು ಮೊದಲೇ ಒಪ್ಪಿದ್ದ ಹದಿನೆಂಟು ಜನರನ್ನು ನನಗೆ ಒಪ್ಪಿಸಿದರು.

ಅಂದಿನಿಂದ ಈ ಕೆಲಸ ಬಿಟ್ಟಿಲ್ಲ. ಪ್ರತಿಯೊಬ್ಬರೊಂದಿಗೂ ಮೊದಲ ದಿನವೇ ಒಂದು ಮಾತು ಗೊತ್ತುಮಾಡಿಕೊಳ್ಳುತ್ತೇನೆ. ಒಬ್ಬ ತಾಯಿಗೆ “ಹಾಲಿನ ಲೆಕ್ಕ ಆತೇನ್ರಿ?” ಎನ್ನುತ್ತೇನೆ, ಕಾಲೇಜಿನ ಹುಡುಗನಿಗೆ “ಪುಸ್ತಕ ಮುಟ್ಟಿತಾ?” ಎನ್ನುತ್ತೇನೆ. ಬೇರೆಯವರು ಎತ್ತಿದರೆ ಮಾಸ್ತರು ಮಾಡಿದ್ದರೆಂದು ಹೇಳಿ ಇಟ್ಟುಬಿಡುತ್ತೇನೆ. ಸಿಮ್ ಬದಲಾಯಿಸಿದವರನ್ನು ಹುಡುಕುವುದೇ ಎಲ್ಲಕ್ಕಿಂತ ಕಷ್ಟ. ಕಬ್ಬು ಕಡಿಯಲು ಹೋದವರು ಮೂರು ತಿಂಗಳಲ್ಲಿ ಮೂರು ನಂಬರು ಬದಲಾಯಿಸಿದ್ದೂ ಇದೆ. ರಾತ್ರಿ ನಾನು ಸಿಗದಿದ್ದರೆ ಇರಲಿ ಎಂದು 1097 ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೇನೆ, ಬರೆದಿಟ್ಟುಕೊಳ್ಳುವುದು ಬೇಡವೆಂದು.

ಕಳೆದ ವಾರ ಒಬ್ಬ ಲಾರಿ ಚಾಲಕನಿಗೆ ಮಾಡಿದೆ. ಎರಡು ತಿಂಗಳಿಂದ ಪ್ರತಿ ವಾರವೂ “ಎಲ್ಲಾ ಬರೋಬ್ಬರಿ ಐತ್ರಿ ಸರ” ಎನ್ನುತ್ತಿದ್ದವನು ಅಂದು ಸುಮ್ಮನಾದ. ಹಿಂದಿನಿಂದ ಗಾಡಿಗಳ ಹಾರ್ನು ಕೇಳುತ್ತಿತ್ತು. “ಸರ, ನಾಕ ದಿನಾ ಆತ್ರಿ, ತಗೊಂಡಿಲ್ಲ” ಎಂದ. ನಾನು ಏಕೆ ಎನ್ನಲಿಲ್ಲ. ನಾಲ್ಕು ರಾತ್ರಿಯೂ ಎಲ್ಲಿದ್ದೆ, ಪಕ್ಕದಲ್ಲಿ ಯಾರಿದ್ದರು, ಒಂದೊಂದಾಗಿ ಹೇಳು ಎಂದೆ. ಹೊಸ ಕ್ಲೀನರ್ ಹುಡುಗ ಬಂದಿದ್ದಾನೆ, ಕ್ಯಾಬಿನ್ನಿನಲ್ಲೇ ಮಲಗುತ್ತಾನೆ, ಕಣ್ಣು ಬಹಳ ಚುರುಕು ಎಂದ. ದಾರಿಯಲ್ಲಿ ಡೀಸೆಲ್ ಹಾಕಿಸುವಾಗ ಆ ಹುಡುಗ ಎಲ್ಲಿರುತ್ತಾನೆ ಎಂದು ಕೇಳಿದೆ. “ಅಂವಾ ಕೆಳಗಿಳದು ಗಾಜ ಒರಸ್ತಾನ್ರಿ” ಎಂದ. ಡೀಸೆಲ್ ದಿನಕ್ಕೊಂದು ಸಲವಾದರೂ ಹಾಕಿಸುತ್ತೀಯಾ ಎಂದೆ. ಇಲ್ಲ, ಆದರೆ ಸಂಜೆ ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ಗಾಜು ಒರೆಸುವುದು ಅವನ ಕೆಲಸವೇ ಎಂದು ಸ್ವಲ್ಪ ಯೋಚಿಸಿ ಹೇಳಿದ. ಹಾಗಾದರೆ ಚಹಾದ ಹೊತ್ತೇ ಇರಲಿ ಎಂದು ಇಬ್ಬರೂ ಗೊತ್ತುಮಾಡಿಕೊಂಡೆವು. ಮರುದಿನ ಸಂಜೆ ಆರೂಕಾಲಿಗೆ, ಅಂಕೋಲಾ ದಾಟಿದ ಮೇಲೆ ಎಲ್ಲಿಂದಲೋ, ಅವನೇ ಮಿಸ್ಡ್ ಕಾಲ್ ಕೊಟ್ಟ. ನಾನು ತಿರುಗಿ ಮಾಡಿದೆ.